ಟ್ರೇಲರಿಗೂ ಕೀಲೆಣ್ಣೆ ಬೇಕು

(ಸಿಕಂದರಾಬಾದಿನಲ್ಲಿ ನಡೆದ ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತು ಮಾತನಾಡಿದವರು ಪಂಪನನ್ನು ಬಲ್ಲವರು, ಕುಮಾರವ್ಯಾಸನನ್ನು ಬಲ್ಲವರು. ನಾನಾದರೋ ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಅಂಕಿಗಳನ್ನು ಕೂಡಿ ಕಳೆಯುವ ಗುಮಾಸ್ತ. “ನಿಮಗೆ ತಿಳಿದದ್ದನ್ನೇ ಹೇಳಿರಿ” ಎಂದು ಕಾರ್ಯದರ್ಶಿಗಳು ಧೈರ್ಯ ಕೊಟ್ಟರು. ಆ ಧೈರ್ಯದ ಮೇಲೆ, ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರೇಲರಿನ ಅಡಿಗೆ ಗ್ರೀಸು ಹಾಕುವ ವಿಷಯವನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ನಗಬೇಡಿ. ಈ ಸಭೆಯಲ್ಲಿರುವ ಎಷ್ಟೋ ಮಂದಿಗೆ ಬೀದರ, ಕಲಬುರಗಿ, ರಾಯಚೂರುಗಳ ಕಡೆ ಒಂದು ಮನೆಯಿದೆ, ಒಂದಿಷ್ಟು ಹೊಲವಿದೆ, ಹೊಲ ನೋಡಿಕೊಳ್ಳುವ ಅಣ್ಣನೋ ತಮ್ಮನೋ ಇದ್ದಾನೆ. 1956ರ ನವೆಂಬರ್ 1ರಂದು ಆ ಸೀಮೆ ಹೈದರಾಬಾದ್ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ನಮ್ಮಂಥವರು ಹೊಟ್ಟೆಪಾಡಿಗಾಗಿ ಈ ಊರಿಗೆ ಬರುವುದು ಮಾತ್ರ ನಿಲ್ಲಲಿಲ್ಲ. ನಾವು ಇಲ್ಲಿ ರಾಜ್ಯೋತ್ಸವಕ್ಕೆ ತೋರಣ ಕಟ್ಟುವ ಹೊತ್ತಿಗೆ ಅಲ್ಲಿ ಕಬ್ಬು ನುರಿಸುವ ಹಂಗಾಮು ಮೊದಲಾಗುತ್ತದೆ. ಟ್ರೇಲರುಗಳು ರಸ್ತೆಗೆ ಇಳಿಯುತ್ತವೆ.

ನಮ್ಮೂರು ಭಾಲ್ಕಿ ತಾಲೂಕಿನದು. ಅಜ್ಜನ ಕಾಲದಲ್ಲಿ ಬಂಡಿಯ ಅಡಿಗೆ ಒಂದು ಬಿದಿರಿನ ಗೊಟ್ಟ ತೂಗಾಡುತ್ತಿತ್ತು. ಅದರ ತುಂಬ ಕೀಲೆಣ್ಣೆ. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿದ ಕಪ್ಪು ಮದ್ದು. ದೂರದ ಸಂತೆಗೆ ಹೊರಡುವಾಗ ಕೀಲು ತೆಗೆದು, ಗಾಲಿಯನ್ನು ಅಚ್ಚಿನ ಮೇಲೆ ತುಸು ಹೊರಕ್ಕೆಳೆದು, ಎಣ್ಣೆ ಸವರದ ಹೊರತು ಅಜ್ಜ ಎತ್ತು ಹೂಡುತ್ತಿರಲಿಲ್ಲ. ಮರೆತರೆ ಬಂಡಿಯೇ ಕಿರುಗುಟ್ಟಿ ಊರಿಗೆಲ್ಲ ಸಾರುತ್ತಿತ್ತು. ಎತ್ತು ಬೆವರಿ ಹೇಳುತ್ತಿತ್ತು. ಈಗಿನ ಟ್ರೇಲರೂ ಕಿರುಗುಟ್ಟುತ್ತದೆ. ಆದರೆ ಮುಂದಿನ ಟ್ರ್ಯಾಕ್ಟರಿನ ಗದ್ದಲದಲ್ಲಿ ಅದರ ಮೊರೆ ಯಾರ ಕಿವಿಗೂ ಬೀಳುವುದಿಲ್ಲ.

ನಮ್ಮ ಮನೆಗೆ ಟ್ರ್ಯಾಕ್ಟರು, ಟ್ರೇಲರು ಬಂದದ್ದು ಬ್ಯಾಂಕಿನ ಸಾಲದಿಂದ. ಅರ್ಜಿ ತುಂಬಿದವನು ನಾನು. ಕಂತು, ಬಡ್ಡಿ, ವಿಮೆ, ಡೀಸೆಲ್ಲು, ಚಾಲಕನ ಸಂಬಳ, ಎಲ್ಲವನ್ನೂ ಹಾಳೆಯ ಮೇಲೆ ಬರೆದು ಅಣ್ಣನಿಗೆ ತೋರಿಸಿದ್ದೆ. ಗ್ರೀಸು ಎಂಬ ಬಾಬು ಅದರಲ್ಲಿ ಇರಲಿಲ್ಲ. ಟ್ರ್ಯಾಕ್ಟರಿನ ಸರ್ವಿಸನ್ನು ಅಣ್ಣ ತಪ್ಪಿಸುತ್ತಿರಲಿಲ್ಲ. ಟ್ರೇಲರಿನ ಮಾತು ಬಂದರೆ, “ಇದಕ್ಕ ಇಂಜನ್ ಇಲ್ಲ, ಏನಿಲ್ಲ. ಇದಕ್ಯಾಕ ಸರ್ವಿಸಿಂಗ್ ತಮ್ಮಾ?” ಎನ್ನುತ್ತಿದ್ದ. ನಾನೂ ಹೌದೆಂದಿದ್ದೆ.

2022ರ ಡಿಸೆಂಬರ್ ತಿಂಗಳು. ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೊರಟ ಟ್ರೇಲರು ಒಂದು ಹಳ್ಳದ ತಿರುವಿನಲ್ಲಿ ಧಡಕ್ಕನೆ ಒಂದು ಮಗ್ಗುಲಿಗೆ ಕುಸಿಯಿತು. ಕಮಾನುಪಟ್ಟಿಯ ತುದಿಯಲ್ಲಿದ್ದ ಪಿನ್ನು ಮುರಿದಿತ್ತು. ಪಟ್ಟಿ ಕಳಚಿ, ಅಚ್ಚು ಓರೆಯಾಗಿ, ಅರ್ಧ ಕಬ್ಬು ರಸ್ತೆಗೆ ಚೆಲ್ಲಿತು. ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮಾರನೆಯ ದಿನ ಅದೇ ಟ್ರೇಲರಿನಲ್ಲಿ ನನ್ನ ತಾಯಿ, ಅತ್ತಿಗೆ, ಮಕ್ಕಳು ಎಲ್ಲರೂ ಮೈಲಾರದ ಮಲ್ಲಣ್ಣನ ಜಾತ್ರೆಗೆ ಹೊರಡುವವರಿದ್ದರು. ಟ್ರೇಲರಿನಲ್ಲಿ ಜನರನ್ನು ಕೂರಿಸುವುದು ಕಾಯಿದೆಗೆ ವಿರುದ್ಧವೆಂದು ಬಲ್ಲ ನಾನೂ ಆ ಗುಂಪಿನಲ್ಲಿದ್ದೆ. ಅಂದಿನಿಂದ ನಮ್ಮ ಮನೆಯಲ್ಲಿ ಆ ಪದ್ಧತಿ ನಿಂತಿತು.

ರಿಪೇರಿಗೆ ಬಂದ ಮುದುಕ ಮಿಸ್ತ್ರಿ ಮುರಿದ ಪಿನ್ನನ್ನು ನನ್ನ ಅಂಗೈಗೆ ಹಾಕಿದ. ಉರುಟಾಗಿರಬೇಕಾದ ಉಕ್ಕು ಒಂದು ಕಡೆ ಅರ್ಧಚಂದ್ರನಂತೆ ತಿಂದುಹೋಗಿತ್ತು. ಲೆಕ್ಕಶಾಸ್ತ್ರದಲ್ಲಿ ‘ಸವಕಳಿ’ ಎಂಬ ಪದವನ್ನು ಓದಿ ಪಾಸು ಮಾಡಿದವನು ನಾನು. ವರ್ಷಕ್ಕೆ ಇಷ್ಟೆಂದು ಲೇಖನಿಯಿಂದ ಕಳೆದರೆ ಮುಗಿಯಿತೆಂದು ತಿಳಿದಿದ್ದೆ. ಆ ಪದದ ಅರ್ಥ ಅಂದು ಕೈಗೆ ಹತ್ತಿತು. ಪಿನ್ನಿನ ತಲೆಯಲ್ಲಿ ಗ್ರೀಸು ತುಂಬುವ ನಿಪ್ಪಲ್ ಇತ್ತು. ಅದರ ಮೇಲೆ ಮಣ್ಣು, ಮಣ್ಣಿನ ಅಡಿಯಲ್ಲಿ ಬಣ್ಣ. ಹಬ್ಬಕ್ಕೆಂದು ಟ್ರೇಲರಿಗೆ ಬಣ್ಣ ಬಳಿಸಿದಾಗ ಅದರ ಬಾಯಿಯನ್ನೂ ನಾವೇ ಮುಚ್ಚಿಬಿಟ್ಟಿದ್ದೆವು.

ಈ ಕಮಾನುಪಟ್ಟಿಯ ಗುಟ್ಟು ಇಷ್ಟೇ. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು ಭಾರ ಬಿದ್ದಾಗ ಬಾಗುತ್ತವೆ, ಬಾಗಿದಾಗ ಉದ್ದವಾಗುತ್ತವೆ. ಆದ್ದರಿಂದ ಒಂದು ತುದಿಯನ್ನು ಪಿನ್ನಿನಿಂದ ಬಿಗಿದು, ಇನ್ನೊಂದನ್ನು ಶಾಕಲ್ ಎಂಬ ತೂಗುಕೊಂಡಿಗೆ ಸೇರಿಸಿರುತ್ತಾರೆ. ರಸ್ತೆಯ ಪ್ರತಿಯೊಂದು ಗುಂಡಿಗೂ ಈ ಪಿನ್ನುಗಳು ತಮ್ಮ ಬುಷ್‌ನೊಳಗೆ ತಿರುಗಿ ತೇಯುತ್ತವೆ. ಅಮೆರಿಕದಲ್ಲಿ ಮನೆಯನ್ನೇ ವಾಹನದ ಹಿಂದೆ ಕಟ್ಟಿಕೊಂಡು ಪ್ರವಾಸ ಹೋಗುತ್ತಾರೆ. ಅಂಥ ಎಷ್ಟೋ ಟ್ರೇಲರುಗಳ ಅಡಿಯಲ್ಲಿಯೂ ಇರುವುದು ಇದೇ ಪಟ್ಟಿ, ಇದೇ ಪಿನ್ನು. ಹಲವಕ್ಕೆ ನೈಲಾನ್ ಬುಷ್ ಹಾಕಿರುತ್ತಾರೆ, ಗ್ರೀಸಿಗೆ ದಾರಿಯೇ ಇರುವುದಿಲ್ಲ. ಜಾಣರು ಅದನ್ನು ತೆಗೆಸಿ ಕಂಚಿನ ಬುಷ್ಷನ್ನೂ ನಿಪ್ಪಲ್ ಇರುವ ಪಿನ್ನನ್ನೂ ಹಾಕಿಸುತ್ತಾರೆ.

ಸಾರೋಟಿಗೆ ಇಂಥ ಪಟ್ಟಿ ಜೋಡಿಸುವ ಕ್ರಮಕ್ಕೆ ಇಂಗ್ಲೆಂಡಿನ ಒಬಡಾಯ ಎಲಿಯಟ್ 1804ರಲ್ಲಿ ಪೇಟೆಂಟ್ ಪಡೆದ. ಗಾಲಿಯ ಗುಂಬದಲ್ಲಿ ಕೂರುವ, ಒಂದು ತುದಿ ಕಿರಿದಾದ ಉರುಳೆಗಳ ಬೇರಿಂಗಿಗೆ 1898ರಲ್ಲಿ ಪೇಟೆಂಟ್ ಪಡೆದ ಹೆನ್ರಿ ಟಿಮ್ಕೆನ್ ಕೂಡ ಸಾರೋಟು ಮಾಡುವವನೇ. ಒಳಕ್ಕೆ ಗ್ರೀಸು ಬಿಟ್ಟು ಹೊರಕ್ಕೆ ಬಿಡದ ನಿಪ್ಪಲ್‌ಗೆ 1929ರಲ್ಲಿ ಪೇಟೆಂಟ್ ಸಿಕ್ಕಿದ್ದು ಆಸ್ಕರ್ ಜರ್ಕ್ ಎಂಬಾತನಿಗೆ. ಅವರೆಲ್ಲ ಬುದ್ಧಿ ಖರ್ಚು ಮಾಡಿ ಕೊಟ್ಟ ದಾರಿಯನ್ನು ನಾವು ಬಣ್ಣದಿಂದ ಮುಚ್ಚಿದ್ದೆವು.

ಇನ್ನು ಮಿಸ್ತ್ರಿ ಕಲಿಸಿದ ಕ್ರಮ. ಮೊದಲು ನಿಪ್ಪಲ್ ಒರೆಸಬೇಕು. ಇಲ್ಲವಾದರೆ ಗ್ರೀಸಿನ ಜೊತೆಗೆ ಮರಳೂ ಒಳಗೆ ಹೋಗಿ ಅರದ ಕೆಲಸ ಮಾಡುತ್ತದೆ. ಎರಡನೆಯದು ಮುಖ್ಯವಾದ ಮಾತು. ಭಾರ ಕೂತಿರುವಾಗ ಪಿನ್ನು ಬುಷ್ಷಿನ ಒಂದೇ ಮಗ್ಗುಲನ್ನು ಒತ್ತಿರುತ್ತದೆ. ಆಗ ಹೊಡೆದ ಗ್ರೀಸು ಸಡಿಲವಿದ್ದ ಕಡೆಗೆ ಹರಿಯುತ್ತದೆಯೇ ಹೊರತು ತೇಯುವ ಕಡೆಗೆ ಹೋಗುವುದಿಲ್ಲ. “ಭಾರ ಇದ್ದಾಗ ಪಿನ್ನಿನ ಬಾಯಿ ಮುಚ್ಚಿರ್ತದ್ರಿ. ಎತ್ತಿ ಹಿಡೀರಿ, ಆಗ ಕುಡೀತದ” ಎಂದ. ಆದ್ದರಿಂದ ಬರಿದಾದ ಟ್ರೇಲರನ್ನು ಸಮನೆಲದಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಚಾಸಿಗೆ ಜಾಕಿಟ್ಟು, ಗಾಲಿ ನೆಲವನ್ನು ಮುಟ್ಟಿಯೂ ಮುಟ್ಟದಂತೆ ಎತ್ತಬೇಕು. ಚಾಸಿಯ ಅಡಿಗೆ ದಪ್ಪ ಮರದ ದಿಮ್ಮಿ ಕೊಡದೆ, ಜಾಕಿಯೊಂದನ್ನೇ ನಂಬಿ ಯಾರೂ ಕೆಳಗೆ ತೂರಕೂಡದು. ಹಳೆಯ ಕಪ್ಪು ಗ್ರೀಸು ಹೊರಬಿದ್ದು ಹೊಸತು ಇಣುಕುವ ತನಕ ಗನ್ನು ಒತ್ತಬೇಕು. ಎಷ್ಟು ಒತ್ತಿದರೂ ಇಳಿಯದಿದ್ದರೆ ಪಿನ್ನು ಬಿಚ್ಚಿ ದಾರಿಯನ್ನು ಶುದ್ಧಿ ಮಾಡಬೇಕು.

ಹಂಗಾಮಿನಲ್ಲಿ ಪಿನ್ನುಗಳಿಗೆ ವಾರಕ್ಕೊಮ್ಮೆ, ಕೆಸರು ನೀರು ಹಾಯ್ದರೆ ಅಂದೇ. ಅಚ್ಚನ್ನು ಪಟ್ಟಿಗೆ ಬಿಗಿಯುವ ಯು ಬೋಲ್ಟುಗಳನ್ನು ಮೊದಲ ಎರಡು ಮೂರು ಹೇರಿನ ನಂತರ ಮತ್ತೆ ಬಿಗಿಯಬೇಕು. ಗಾಲಿಯ ಬೇರಿಂಗುಗಳನ್ನು ವರ್ಷಕ್ಕೊಮ್ಮೆ, ಹಂಗಾಮಿಗೆ ಮುಂಚೆ, ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಉರುಳೆಗಳ ಸಂದಿಗೆ ಅಂಗೈಯಿಂದ ಗ್ರೀಸು ತುಂಬಬೇಕು. ಗುಂಬವನ್ನೆಲ್ಲ ಕಿಕ್ಕಿರಿಯುವುದು ಬೇಡ. ಅದರಿಂದಲೂ ಕಾವು ಹೆಚ್ಚುತ್ತದೆ. ಹತ್ತು ಮೈಲಿ ಎಳೆದ ಮೇಲೆ ನಿಲ್ಲಿಸಿ ಗುಂಬದ ಬಳಿ ಕೈ ಹಿಡಿಯಿರಿ. ಒಂದು ಗಾಲಿ ಮಾತ್ರ ಮಿಕ್ಕವುಗಳಿಗಿಂತ ಬಿಸಿಯಾಗಿದ್ದರೆ ಅದು ಕಾಗದ ಬರೆದು ಹೇಳಿದಂತೆಯೇ.

ನನ್ನ ಕಸುಬಿನ ಮಾತನ್ನೂ ಒಂದಿಷ್ಟು ಆಡುತ್ತೇನೆ. ಅಂದಿನ ರಿಪೇರಿಗೆ 9,600 ರೂಪಾಯಿ, ಕಬ್ಬು ಸಾಗಿಸಲು ಬಾಡಿಗೆ ಟ್ರೇಲರಿಗೆ 5,500, ಬಿಸಿಲಿಗೆ ಒಣಗಿ ತೂಕ ಕಳೆದುಕೊಂಡ ಕಬ್ಬಿನ ಬಾಬು 4,000; ಒಟ್ಟು 19,100. ಒಂದು ಹಂಗಾಮಿನ ಗ್ರೀಸಿಗೆ ನಮಗೆ ಈಗ ಬೀಳುವುದು 1,800. ಟ್ರೇಲರು ಬ್ಯಾಂಕಿಗೆ ಆಧಾರವಾಗಿರುತ್ತದೆ. ಅದು ಮುರಿದು ಬಿದ್ದ ದಿನವೂ ಬಡ್ಡಿ ಬೆಳೆಯುತ್ತದೆ. ಜಾತ್ರೆಗೆ ಹೊರಟಿದ್ದವರ ಬೆಲೆಯನ್ನು ನಾನು ಯಾವ ಖಾತೆಯಲ್ಲಿಯೂ ಬರೆಯಲಾರೆ.

ಆದ್ದರಿಂದ ಊರಿನಲ್ಲಿ ಟ್ರೇಲರು ಇರುವವರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಲ ಊರಿಗೆ ಹೊರಟಾಗ ಮಿಠಾಯಿಯ ಪೊಟ್ಟಣದ ಜೊತೆಗೆ ರಾಣಿಗಂಜಿನಿಂದ ಒಂದು ಗ್ರೀಸ್ ಗನ್ನನ್ನೂ ಒಯ್ಯಿರಿ. “ಹಾಕು” ಎಂದು ಅಣ್ಣನಿಗೆ ಹೇಳಿ ಬರಬೇಡಿ. ಅಂಗಿ ಬಿಚ್ಚಿಟ್ಟು ನೀವೇ ಒಂದು ತಾಸು ಟ್ರೇಲರಿನ ಅಡಿಗೆ ತೂರಿರಿ. ನಾವು ನೆರಳಿನಲ್ಲಿ ಕುಳಿತು ಸಂಬಳ ಎಣಿಸುವಾಗ ಅಲ್ಲಿ ಭಾರ ಹೊತ್ತವರಿಗೆ ಅಷ್ಟಾದರೂ ಸಲ್ಲಬೇಕು.

ನಮ್ಮ ಕೊಟ್ಟಿಗೆಯ ಗೋಡೆಯ ಮೇಲೆ ಈಗ ಸುಣ್ಣದಲ್ಲಿ ತಾರೀಖುಗಳ ಸಾಲಿದೆ. ಭಾನುವಾರ ನಾನು ಫೋನಿನಲ್ಲಿ ವಿಚಾರಿಸಿದರೆ ಅಣ್ಣ, “ಬರದೀನಿ, ಬಂದು ಆಡಿಟ್ ಮಾಡು” ಎನ್ನುತ್ತಾನೆ. ಮುಂದಿನ ವಾರ ಆಡಿಟಿಗೆ ಹೊರಟಿದ್ದೇನೆ.