ದಣಿಯುವ ಉಕ್ಕು, ದಣಿಯಬಾರದ ಎಚ್ಚರ

(ಶೀಳನೆರೆಯ ರೈತರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕಾಳಿ ನದಿಯ ದಂಡೆಯ ಕೈಗಾ ಅಣುಸ್ಥಾವರ ನಿಮ್ಮೂರಿನಿಂದ ಬಹುದೂರದಲ್ಲಿದೆ. ಆದರೆ ನಿಮ್ಮ ಪಂಪ್‌ಸೆಟ್ಟುಗಳನ್ನು ತಿರುಗಿಸುವ ರಾಜ್ಯದ ವಿದ್ಯುತ್ತಿನಲ್ಲಿ ಅದರ ಪಾಲೂ ಇದೆ. ಅದರ ಲಾಭ ಪಡೆಯುವವರು ಅದರ ಅಪಾಯವನ್ನೂ ಅರಿತಿರಬೇಕು. ಲೋಹಶಾಸ್ತ್ರ ನನ್ನ ಕ್ಷೇತ್ರವಲ್ಲ; ಮಲೆನಾಡಿನಲ್ಲಿ ನೆಲೆಸಿದ ಕೃಷಿವಿಜ್ಞಾನಿಯಾಗಿ ಓದಿ ತಿಳಿದುದನ್ನು ಹೇಳುತ್ತೇನೆ.

ಇಕ್ಕಳವಿಲ್ಲದಾಗ ಬೇಲಿಯ ತಂತಿಯನ್ನು ಹೇಗೆ ತುಂಡರಿಸುತ್ತೇವೆ? ಒಂದೇ ಕಡೆ ಅತ್ತಿತ್ತ ಬಗ್ಗಿಸುತ್ತೇವೆ. ಒಮ್ಮೆ ಬಗ್ಗಿಸಿದರೆ ತುಂಡಾಗದ ತಂತಿ ಹತ್ತಾರು ಸಲ ಬಗ್ಗಿಸಿದಾಗ ತುಂಡಾಗುತ್ತದೆ. ಇದೇ ಲೋಹದ ದಣಿವು. ಸ್ಥಾವರದ ಕೊಳವೆಯನ್ನು ಯಾರೂ ಬಗ್ಗಿಸುವುದಿಲ್ಲ. ಆ ಕೆಲಸವನ್ನು ನೀರಿನ ಬಿಸಿ ಮತ್ತು ತಂಪು ಮಾಡುತ್ತವೆ. ತುಕ್ಕು ಹಿಡಿಯದೆಂದು ನಾವು ಮೆಚ್ಚುವ ಸ್ಟೇನ್‌ಲೆಸ್ ಸ್ಟೀಲ್, ಕಾದಾಗ ಸಾಮಾನ್ಯ ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಶಾಖವನ್ನಾದರೋ ಅದರ ಸುಮಾರು ಮೂರರಲ್ಲೊಂದು ಪಾಲಿನಷ್ಟೇ ಸಾಗಿಸುತ್ತದೆ. ಹೀಗಾಗಿ ಒಳಮೈ ಒಮ್ಮೆಲೇ ತಣಿದಾಗ ಹೊರಮೈ ಇನ್ನೂ ಬಿಸಿಯಾಗಿರುತ್ತದೆ. ಈ ಎಳೆದಾಟ ಮತ್ತೆ ಮತ್ತೆ ನಡೆದಾಗ ಕಣ್ಣಿಗೆ ಕಾಣದ ಬಿರುಕು ಹುಟ್ಟಿ ಬೆಳೆಯುತ್ತದೆ.

ಫ್ರಾನ್ಸಿನ ಸಿವೋ ಸ್ಥಾವರದ ಮೊದಲ ಘಟಕದಲ್ಲಿ 1998ರ ಮೇ 12ರಂದು ಹೀಗೆಯೇ ಆಯಿತು. ಬಿಸಿನೀರೂ ತಣ್ಣೀರೂ ಬೆರೆಯುವೆಡೆಯ ಸ್ಟೇನ್‌ಲೆಸ್ ಕೊಳವೆಯ ಬಾಗಿನಲ್ಲಿ 18 ಸೆಂಟಿಮೀಟರ್ ಉದ್ದದ ಬಿರುಕು ಬಿಟ್ಟು, ಗಂಟೆಗೆ 30,000 ಲೀಟರ್ ನೀರು ಸೋರಿತು. ಘಟಕ ವಿದ್ಯುತ್ ಜಾಲಕ್ಕೆ ಸೇರಿ ಆಗ ಐದು ತಿಂಗಳೂ ತುಂಬಿರಲಿಲ್ಲ. ಮರುವರ್ಷ ಜುಲೈನಲ್ಲಿ ಜಪಾನಿನ ತ್ಸುರುಗಾದಲ್ಲಿ ಇದೇ ಬಗೆಯ ದಣಿವಿನಿಂದ 51 ಟನ್ ನೀರು ಸೋರಿತು.

ಕೈಗಾದಲ್ಲಿಯೂ ಹೀಗೆಯೇ ಆಗುತ್ತದೆಂದು ನಾನು ಹೇಳಲಾರೆ. ಅಲ್ಲಿಯ ರಿಯಾಕ್ಟರುಗಳ ರಚನೆಯೇ ಬೇರೆ. ಶಾಖ ಒಯ್ಯುವ ಮುಖ್ಯ ಕೊಳವೆಗಳು ಇಂಗಾಲದ ಉಕ್ಕಿನವು. ಸ್ಟೇನ್‌ಲೆಸ್ ಇರುವುದು ಮಂದಕ ಭಾರಜಲದ ಕೊಳವೆಗಳಂತಹ ಕಡೆಗಳಲ್ಲಿ. ಅಲ್ಲಿಯ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ನಡೆದು ಆಗಿನ ವಿಶ್ವದಾಖಲೆ ಬರೆಯಿತು. ನಿಲುಗಡೆ ಕಡಿಮೆಯಾದಷ್ಟೂ ಕಾದು ತಣಿಯುವ ಸುತ್ತುಗಳು ಕಡಿಮೆ, ಇದು ಒಳ್ಳೆಯದೇ. ಆದರೆ ಸಿವೋ ಕಲಿಸಿದ ಪಾಠ ಬೇರೆ: ನಿಲುಗಡೆಗಳನ್ನು ಎಣಿಸಿದರೆ ಸಾಲದು, ನೀರು ಬೆರೆಯುವೆಡೆಯ ಕ್ಷಣಕ್ಷಣದ ಏರಿಳಿತವನ್ನೂ ಅಳೆಯಬೇಕು.

ಇನ್ನೊಂದು ಮಾತು. ದಣಿವಿನ ಲೆಕ್ಕಕ್ಕೆ ಆಧಾರವಾದ ಹಳೆಯ ಪರೀಕ್ಷೆಗಳು ಗಾಳಿಯಲ್ಲಿ ನಡೆದವು. ರಿಯಾಕ್ಟರಿನ ಬಿಸಿನೀರಿನಲ್ಲಿ ಅದೇ ಉಕ್ಕು ಕೆಲವು ಸ್ಥಿತಿಗಳಲ್ಲಿ ಅದರ ಹತ್ತರಲ್ಲೊಂದು ಪಾಲಿನಷ್ಟೂ ಬಾಳದೆಂದು ಅನಂತರದ ಸಂಶೋಧನೆ ತೋರಿಸಿತು.

2000ದಲ್ಲಿ ವಾಣಿಜ್ಯ ಉತ್ಪಾದನೆಗೆ ತೊಡಗಿದ ಕೈಗಾದ ಮೊದಲೆರಡು ಘಟಕಗಳಿಗೆ ಈಗ ಕಾಲು ಶತಮಾನ ತುಂಬಿದೆ. ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳ ಯೋಜನೆಯೂ ಇದೆ. ಆದ್ದರಿಂದ ನಮ್ಮ ಬೇಡಿಕೆ ಸರಳ: ಯಾವ ಕೊಳವೆ ಎಷ್ಟು ಸುತ್ತು ಕಂಡಿದೆ, ಯಾವ ಬೆಸುಗೆಯನ್ನು ಎಂದು ಪರೀಕ್ಷಿಸಲಾಯಿತು, ಏನು ಕಂಡಿತು ಎಂಬುದನ್ನು ಕನ್ನಡದಲ್ಲಿ, ಜನರ ಮುಂದೆ ಇಡಬೇಕು. ಉಕ್ಕು ತಾನು ದಣಿದೆನೆಂದು ಹೇಳುವುದಿಲ್ಲ, ಕೇಳಬೇಕಾದವರು ನಾವು.