ಕಡದ ಪುಸ್ತಕದಿಂದ ಕ್ರೆಡಿಟ್ ಕಾರ್ಡಿನವರೆಗೆ
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಮಲಯಾಳ ಭಾಷೆಯಲ್ಲಿ ‘ಕಡ’ ಎಂದರೆ ಅಂಗಡಿ, ‘ಕಡಂ’ ಎಂದರೆ ಸಾಲ. ನಮ್ಮ ಕನ್ನಡದ ‘ಕಡ’ವೂ ಸಾಲವೇ. ಕೊಚ್ಚಿಗೆ ಬಂದ ಹೊಸತರಲ್ಲಿ ನಮಗೂ ಮಟ್ಟಾಂಚೇರಿಯ ಅಂಗಡಿಯವರಿಗೂ ಚೆನ್ನಾಗಿ ಅರ್ಥವಾಗುತ್ತಿದ್ದುದು ಈ ಮಾತೊಂದೇ. ಸಂಬಳ ಬರುವ ತನಕ ಅವರು ಅಕ್ಕಿ, ತೆಂಗಿನೆಣ್ಣೆಗಳನ್ನು ಪುಸ್ತಕದಲ್ಲಿ ಬರೆದುಕೊಂಡು ಕೊಡುತ್ತಿದ್ದರು. ಎರಡು ತಿಂಗಳ ಲೆಕ್ಕ ತೀರದೆ ಮೂರನೆಯ ತಿಂಗಳೂ ಕೈಚೀಲ ಹಿಡಿದು ಹೋದಾಗ, “ಮೊದಲು ಹಳೆಯದು ತೀರಲಿ ಸಾರೇ” ಎಂದು ಪುಸ್ತಕ ಮುಚ್ಚಿದರು. ಆಗ ನಮ್ಮ ಮುಖ ಸಣ್ಣದಾಯಿತು. ಅದು ಉಪಕಾರವೆಂದು ತಿಳಿದುದು ಬಹುಕಾಲದ ಮೇಲೆ.

ಕ್ರೆಡಿಟ್ ಕಾರ್ಡೆಂಬುದು ಈ ಪುಸ್ತಕದ್ದೇ ದೊಡ್ಡ ರೂಪ. 1950ರಲ್ಲಿ ನ್ಯೂಯಾರ್ಕಿನಲ್ಲಿ ಫ್ರಾಂಕ್ ಮ್ಯಾಕ್‌ನಮಾರರೂ ಅವರ ಸಂಗಡಿಗರೂ ಡೈನರ್ಸ್ ಕ್ಲಬ್ಬನ್ನು ತೆರೆದರು. ಸದಸ್ಯನು ರಟ್ಟಿನ ಕಾರ್ಡು ತೋರಿಸಿ ಹೋಟೆಲಿನಲ್ಲಿ ಉಣ್ಣುವನು. ಕ್ಲಬ್ಬು ತನ್ನ ಕಮಿಷನ್ ಹಿಡಿದುಕೊಂಡು ಹೋಟೆಲಿಗೆ ಹಣ ಕೊಡುವುದು. ತಿಂಗಳ ಕೊನೆಗೆ ಸದಸ್ಯನು ಕ್ಲಬ್ಬಿಗೆ ಪೂರ್ತಿ ಸಲ್ಲಿಸುವನು. 1958ರಲ್ಲಿ ಬ್ಯಾಂಕ್ ಆಫ್ ಅಮೇರಿಕವು ಕ್ಯಾಲಿಫೋರ್ನಿಯದ ಫ್ರೆಸ್ನೊ ಪಟ್ಟಣದವರಿಗೆ, ಯಾರೂ ಕೇಳದಿದ್ದರೂ, 60,000 ಕಾರ್ಡುಗಳನ್ನು ಅಂಚೆಯಲ್ಲಿ ಕಳುಹಿಸಿತು. ಇಲ್ಲಿ ಪೂರ್ತಿ ಕೊಡಲಾಗದವರು ಸ್ವಲ್ಪ ಕೊಟ್ಟು ಉಳಿದುದಕ್ಕೆ ಬಡ್ಡಿ ತೆತ್ತರೆ ಆಯಿತು. ಆ ಕಾರ್ಡೇ 1976ರಲ್ಲಿ ‘ವೀಸಾ’ ಎನಿಸಿತು. ಡೈನರ್ಸ್ ಕಾರ್ಡು 1961ರಲ್ಲಿ ಭಾರತಕ್ಕೆ ಬಂದಿತು. 1980ರಲ್ಲಿ ಸೆಂಟ್ರಲ್ ಬ್ಯಾಂಕು ತನ್ನ ಕಾರ್ಡನ್ನು ಹೊರಡಿಸಿತು.

ಇದರ ಉಪಕಾರವನ್ನು ನಾವು ಮರೆಯಲಾರೆವು. ತಿರುವನಂತಪುರಕ್ಕೆ ವರ್ಗವಾದ ವರ್ಷ ನಮ್ಮ ಮನೆಯವರನ್ನು ನಡುರಾತ್ರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಗುರುತಿನವರಿಲ್ಲದ ಊರು, ಕಟ್ಟಬೇಕಾದ ಮುಂಗಡ 40,000 ರೂಪಾಯಿ. ನಿಮ್ಮ ಊರು ಯಾವುದು, ಭಾಷೆ ಯಾವುದು ಎಂದು ಕಾರ್ಡು ಕೇಳಲಿಲ್ಲ. ಆಪರೇಷನ್ ಆಯಿತು, ಜೀವ ಉಳಿಯಿತು.

ತಪ್ಪು ನಡೆದುದು ಆಮೇಲೆ. ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ 2,000’ ಎಂದಿತ್ತು. ಅಷ್ಟನ್ನೇ ಕಟ್ಟಿ ನಿಶ್ಚಿಂತೆಯಿಂದಿದ್ದೆವು. ತಿಂಗಳಿಗೆ ನೂರಕ್ಕೆ ಮೂರರಂತೆ 40,000ಕ್ಕೆ ಬಡ್ಡಿಯೇ 1,200. ಅಸಲಿಗೆ ಸಂದುದು ಬರಿಯ 800. ಹಳೆಯ ಬಾಕಿ ಉಳಿದ ಕಾರಣ, ಹೊಸದಾಗಿ ಕೊಂಡ ಸಾಮಾನಿಗೂ ಬಡ್ಡಿಯಿಲ್ಲದ ದಿನಗಳು ತಪ್ಪಿಹೋದುವು. ವರ್ಷ ಕಳೆದರೂ ಸಾಲ ಕರಗದಿರಲು ಮನೆಯವರೇ ಬಳೆ ಕಳಚಿ, “ಅಡವಿಟ್ಟರೆ ಬಡ್ಡಿ ಇದಕ್ಕಿಂತ ಕಡಮೆಯಲ್ಲವೆ?” ಎಂದರು. ಹಾಗೆಯೇ ತೀರಿಸಿದೆವು.

ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ ಸಂಸ್ಥೆಯನ್ನು ತಾವೆಲ್ಲ ಬಲ್ಲಿರಿ. ಅದು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿತು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ತೊಡಗಿದಾಗ ಏಜೆಂಟರು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನು ಉಳಿತಾಯಕ್ಕೆಂದು ಒಯ್ಯುತ್ತಿದ್ದರು. ಈಗ ನಮ್ಮ ಫೋನಿಗೆ ದಿನವೂ ಬರುವುದು ಸಾಲ ಕೊಡುವವರ ಕರೆ.

ಕಾಕ್ಕನಾಡಿನ ಇನ್ಫೋಪಾರ್ಕಿಗೂ ತಿರುವನಂತಪುರದ ಟೆಕ್ನೋಪಾರ್ಕಿಗೂ ಮೊದಲ ಕೆಲಸಕ್ಕೆಂದು ಬಂದಿರುವ ನಮ್ಮ ಮಕ್ಕಳಿಗೆ ಕಾರ್ಡು ಬೇಡವೆಂದು ನಾವು ಹೇಳುವುದಿಲ್ಲ. ಗಡುವಿನೊಳಗೆ ಪೂರ್ತಿ ಮೊತ್ತ ಕಟ್ಟಿರಿ. ಕಾರ್ಡಿನಿಂದ ನಗದು ತೆಗೆಯಬೇಡಿರಿ. ಅದಕ್ಕೆ ಅಂದಿನಿಂದಲೇ ಬಡ್ಡಿ. ಕಟ್ಟಲಾಗದ ತಿಂಗಳು ಕಾರ್ಡನ್ನು ಪೆಟ್ಟಿಗೆಯಲ್ಲಿಡಿರಿ. ಸಾಕು ಎಂದು ಪುಸ್ತಕ ಮುಚ್ಚುವ ಮಟ್ಟಾಂಚೇರಿಯ ಆ ಅಂಗಡಿಯವರು ಕಾರ್ಡಿನೊಳಗಿಲ್ಲ. ಆ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು.