ಟರ್ಬೊಗೆ ನೀರಿನ ಲೈನ್: ಕೀ ಆಫ್ ಮಾಡಿದ ಮೇಲಿನ ಕೆಲಸ

(ನಮ್ಮ ಬಳಗದ ಹುಡುಗರ ಕೂಟದಲ್ಲಿ ಆಡಿದ ಮಾತು. ಅವತ್ತು ಬರಲಾಗದವರು ಬರೆದುಕೊಡು ಅಂದಿದ್ದಕ್ಕೆ ಇಲ್ಲಿ ಬರೆದಿದ್ದೇನೆ.)



ನಾನು ಮೆಕ್ಯಾನಿಕ್ ಅಲ್ಲ. ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಓದಿ, ಪ್ಯಾನಲ್ ಬೋರ್ಡು, ಕೇಬಲ್ಲು ಅಂತ ಇಲ್ಲಿ ಹೊಟ್ಟೆ ಹೊರೆಯುವವನು. ಎಲೆಕ್ಟ್ರಿಷಿಯನ್‌ಗೂ ಕಾರಿನ ನೀರಿನ ಪೈಪಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ. ಟರ್ಬೊಗೆ ಹೋಗುವ ನೀರಿನ ಲೈನ್ ಕೂಡ ಒಂದು ಸರ್ಕ್ಯೂಟ್. ಹೋಗೋ ದಾರಿ ಬೇಕು, ವಾಪಸ್ ಬರೋ ದಾರಿ ಬೇಕು, ನಡುವೆ ಸ್ವಿಚ್ ಎಲ್ಲಿದೆ ಅಂತ ಗೊತ್ತಿರಬೇಕು. ಇವತ್ತಿನ ನನ್ನ ಮಾತೆಲ್ಲ ಆ ಸ್ವಿಚ್ ಬಗ್ಗೇನೇ.

ಶಾರ್ಜಾ ಇಂಡಸ್ಟ್ರಿಯಲ್ ಏರಿಯಾದಲ್ಲಿ ಜಪಾನಿನಿಂದ ಬಂದ ಹಳೇ ಎಂಜಿನ್‌ಗಳು ಸಾಲಾಗಿ ಇಟ್ಟಿರೋದನ್ನ ನೀವೆಲ್ಲ ನೋಡಿದ್ದೀರಿ. ನಮ್ಮ ಹುಡುಗರು ತೊಂಬತ್ತರ ದಶಕದ ಇಕೆ ಸಿವಿಕ್ ತಗೊಂಡು, ಅದರ ಸಣ್ಣ ಡಿ ಸೀರೀಸ್ ಎಂಜಿನ್ ಇಳಿಸಿ, ಬಿ16 ಅಥವಾ ಬಿ18 ಕೂರಿಸ್ತಾರೆ. ಆಮೇಲೆ ಟರ್ಬೊ. ಹೋಂಡಾ ಆ ಎಂಜಿನ್‌ಗಳನ್ನ ಟರ್ಬೊ ಇಲ್ಲದೆ ಮಾಡಿದ್ದು. ಹಾಗಾಗಿ ಟರ್ಬೊಗೆ ನೀರು ಎಲ್ಲಿಂದ ತಗೋಬೇಕು, ಎಲ್ಲಿಗೆ ಬಿಡಬೇಕು ಅನ್ನೋದಕ್ಕೆ ಕಂಪನಿ ಮಾಡಿಟ್ಟ ಜಾಗ ಇಲ್ಲ. ಕೂರಿಸುವವನೇ ಯೋಚನೆ ಮಾಡಬೇಕು. ಹೆಚ್ಚಿನ ಕಡೆ ಆ ಯೋಚನೆ ಆಗಲ್ಲ. ಹತ್ತಿರ ಯಾವ ಹೋಸ್ ಸಿಗುತ್ತೋ ಅದನ್ನ ಕತ್ತರಿಸಿ ಒಂದು ಟೀ ಹಾಕಿಬಿಡ್ತಾರೆ.

ಮೊದಲು ಬಿಸಿ ಎಲ್ಲಿಂದ ಬರುತ್ತೆ ನೋಡೋಣ. ಟರ್ಬೊ ಅಂದರೆ ಒಂದೇ ಶಾಫ್ಟ್‌ನ ಎರಡು ತುದಿಗೆ ಎರಡು ಚಕ್ರ. ಒಂದು ಕಡೆ ಎಕ್ಸಾಸ್ಟ್ ಗಾಳಿ ತಿರುಗಿಸುತ್ತೆ, ಇನ್ನೊಂದು ಕಡೆ ಹೊಸ ಗಾಳಿಯನ್ನ ಒತ್ತಿ ಎಂಜಿನ್‌ಗೆ ಕಳಿಸುತ್ತೆ. ಶಾಫ್ಟ್ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತೆ. ಪೆಟ್ರೋಲ್ ಎಂಜಿನ್ ಎಳೆಯುವಾಗ ಎಕ್ಸಾಸ್ಟ್ 800 ಡಿಗ್ರಿ ದಾಟುತ್ತೆ. ನಡುವೆ ಬೇರಿಂಗ್ ಇದೆ, ಅದನ್ನ ಕಾಪಾಡೋದು ಆಯಿಲ್. ಎಂಜಿನ್ ಓಡ್ತಾ ಇರುವಾಗ ಆ ಆಯಿಲ್ಲೇ ಬಿಸಿಯನ್ನ ಹೊತ್ತುಕೊಂಡು ಹೋಗುತ್ತೆ.

ನೀವು ಕೀ ಆಫ್ ಮಾಡಿದ್ರಿ. ಆಯಿಲ್ ಪಂಪ್ ನಿಂತಿತು, ವಾಟರ್ ಪಂಪ್ ನಿಂತಿತು. ಆದರೆ ಆ ಕಬ್ಬಿಣದ ಹೌಸಿಂಗೂ ಮ್ಯಾನಿಫೋಲ್ಡೂ ಹಾಗೇ ಕಾದಿವೆ. ಮನೇಲಿ ರೊಟ್ಟಿ ಮಾಡಿ ಒಲೆ ಆರಿಸಿದ ಮೇಲೆ ಹಂಚಿನ ಮೇಲೆ ಒಂದು ರೊಟ್ಟಿ ಮರೆತರೆ ಏನಾಗುತ್ತೆ? ಕರಕಲಾಗುತ್ತೆ. ಬೇರಿಂಗ್ ಒಳಗೆ ನಿಂತ ಆಯಿಲ್‌ಗೂ ಅದೇ ಗತಿ. ಮ್ಯಾನಿಫೋಲ್ಡಿನ ಬಿಸಿ ನಿಧಾನಕ್ಕೆ ನಡುವಿನ ಭಾಗಕ್ಕೆ ಹರಿದು, ಆಯಿಲ್ ಸುಟ್ಟು ಇದ್ದಿಲಾಗಿ ಅಂಟಿಕೊಳ್ಳುತ್ತೆ. ದಿನಾ ಸ್ವಲ್ಪ ಸ್ವಲ್ಪ. ಒಂದು ದಿನ ಶಾಫ್ಟ್ ಅಲ್ಲಾಡೋಕೆ ಶುರು ಆಗುತ್ತೆ, ನೀಲಿ ಹೊಗೆ ಬರುತ್ತೆ.

ಅದಕ್ಕೇ ಟರ್ಬೊಗೆ ನೀರು. ನೀರಿನ ಮುಖ್ಯ ಕೆಲಸ ಗಾಡಿ ಓಡುವಾಗ ಅಲ್ಲ, ಕೀ ಆಫ್ ಮಾಡಿದ ಮೇಲೆ.

ಪಂಪ್ ನಿಂತ ಮೇಲೆ ನೀರು ಹೇಗೆ ಓಡುತ್ತೆ? ಬೆಂಗಳೂರಲ್ಲಿ ಮನೆ ಮೇಲೆ ಸೋಲಾರ್ ವಾಟರ್ ಹೀಟರ್ ನೋಡಿದ್ದೀರಲ್ಲ. ಪ್ಯಾನೆಲ್ ಕೆಳಗೆ, ಟ್ಯಾಂಕ್ ಮೇಲೆ. ಕರೆಂಟ್ ಇಲ್ಲ, ಮೋಟರ್ ಇಲ್ಲ. ಬಿಸಿ ನೀರು ಹಗುರ, ತಾನೇ ಮೇಲೆ ಏರುತ್ತೆ. ತಣ್ಣೀರು ಭಾರ, ಕೆಳಗಿಂದ ಬಂದು ಆ ಜಾಗ ತುಂಬುತ್ತೆ. ಟರ್ಬೊದಲ್ಲೂ ಅದೇ. ಕೆಳಗಿನ ಪೋರ್ಟ್‌ನಲ್ಲಿ ನೀರು ಒಳಗೆ, ಮೇಲಿನ ಪೋರ್ಟ್‌ನಲ್ಲಿ ಹೊರಗೆ, ಹೊರಗೆ ಹೋಗೋ ಹೋಸ್ ಏರುತ್ತಾನೇ ಹೋಗಬೇಕು. ಸುಬಾರು ಟರ್ಬೊ ಗಾಡಿಯ ಬಾನೆಟ್ ತೆಗೆದು ನೋಡಿ. ಟರ್ಬೊಗಿಂತ ಎತ್ತರದಲ್ಲಿ ಕೂಲಂಟ್ ತುಂಬೋ ಒಂದು ಸಣ್ಣ ಟ್ಯಾಂಕ್ ಕೂರಿಸಿದ್ದಾರೆ. ಅದನ್ನ ಅಲ್ಲಿಟ್ಟಿರೋದು ಚಂದಕ್ಕಲ್ಲ.

ಈಗ ಸ್ವಿಚ್ ವಿಷಯಕ್ಕೆ ಬರ್ತೀನಿ. ನಮ್ಮ ಪಕ್ಕದ ಕ್ಯಾಂಪಿನ ತಮ್ಮ ಒಬ್ಬ ನನ್ನನ್ನ ಕರೆದ. ಇಕೆ ಹ್ಯಾಚ್‌ಬ್ಯಾಕ್, ಬಿ18 ಎಂಜಿನ್, ಟರ್ಬೊ. ಒಂದು ಟರ್ಬೊ ಆಗಲೇ ಹೋಗಿತ್ತು. ಕೂರಿಸಿಕೊಟ್ಟ ಗ್ಯಾರೇಜಿನವರು ಆಯಿಲ್ ಸರಿಯಿಲ್ಲ ಅಂದು ಇನ್ನೊಂದು ಟರ್ಬೊ ಹಾಕಿಸಿದ್ರು. ಊರಿಗೆ ಕಳಿಸಬೇಕಿದ್ದ ಮೂರು ತಿಂಗಳ ದುಡ್ಡು ಅದಕ್ಕೇ ಹೋಯ್ತು. ಎರಡನೇದರಲ್ಲೂ ಹೊಗೆ ವಾಸನೆ ಶುರು. "ಅಣ್ಣಾ, ಫ್ಯಾನ್ ವೈರಿಂಗ್ ಒಂದ್ಸಲ ನೋಡಿ" ಅಂದ.

ಫ್ಯಾನ್, ರಿಲೇ, ಫ್ಯೂಸ್ ಎಲ್ಲ ಸರಿ ಇತ್ತು. ನನ್ನ ಬ್ಯಾಗಲ್ಲಿ ಇನ್‌ಫ್ರಾರೆಡ್ ಥರ್ಮಾಮೀಟರ್ ಇರುತ್ತೆ, ಪ್ಯಾನಲ್‌ನಲ್ಲಿ ಲೂಸ್ ಲಗ್ ಹುಡುಕೋಕೆ. ಗಾಡಿ ಕಾದ ಮೇಲೆ ಟರ್ಬೊಗೆ ಬರೋ ನೀರಿನ ಹೋಸನ್ನ ಅದರ ಶುರುವಿನ ತುದಿಯಲ್ಲಿ ಅಳೆದೆ. ಎಂಜಿನ್ ನೀರು 90 ಡಿಗ್ರಿ ಹತ್ತಿರ ಇದ್ರೂ ಆ ಹೋಸ್ ಬರೀ ಬೆಚ್ಚಗೆ. ಅಂದರೆ ಅದರಲ್ಲಿ ನೀರು ಓಡ್ತಾ ಇಲ್ಲ. ಹೋಸ್ ಹಿಡಿದು ಹಿಂದೆ ಹೋದೆ. ಟೀ ಹಾಕಿದ್ದು ಹೀಟರ್ ಹೋಸಿಗೆ, ಆದರೆ ಹೀಟರ್ ವಾಲ್ವ್ ಆದ ಮೇಲೆ.

ಈ ಸಿವಿಕ್‌ನಲ್ಲಿ ಡ್ಯಾಶ್‌ಬೋರ್ಡ್ ಹಿಂದಿನ ಗೋಡೆಯ ಹತ್ತಿರ ಹೀಟರ್ ಹೋಸಲ್ಲಿ ಒಂದು ವಾಲ್ವ್ ಇದೆ. ಒಳಗಿನ ಬಿಸಿ-ತಂಪು ನಾಬ್‌ನಿಂದ ಒಂದು ಕೇಬಲ್ ಅದನ್ನ ಎಳೆಯುತ್ತೆ. ನಾಬ್ ತಂಪಿನ ಕಡೆ ಇದ್ದರೆ ವಾಲ್ವ್ ಮುಚ್ಚಿರುತ್ತೆ. ನೀವೇ ಹೇಳಿ, ಗಲ್ಫ್‌ನಲ್ಲಿ ಯಾರು ಹೀಟರ್ ಹಾಕ್ತಾರೆ? ವರ್ಷವಿಡೀ ಎಸಿ, ನಾಬ್ ಪೂರ್ತಿ ತಂಪು. ಅಂದರೆ ಆ ಟರ್ಬೊಗೆ ವರ್ಷವಿಡೀ ನೀರಿಲ್ಲ. ನಾಬ್ ಬಿಸಿ ಕಡೆ ತಿರುಗಿಸಿದೆ, ಒಂದು ನಿಮಿಷದಲ್ಲಿ ಹೋಸ್ ಸುಡೋ ಹಾಗಾಯ್ತು. ನೀರಿನ ಲೈನ್ ಇತ್ತು, ನಡುವೆ ಆಫ್ ಆದ ಸ್ವಿಚ್ಚೂ ಇತ್ತು. ಚಳಿ ದೇಶದಲ್ಲಿ ಇದೇ ಜೋಡಣೆ ಅರ್ಧ ವರ್ಷ ಕೆಲಸ ಮಾಡ್ತಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ.

ಹಾಗಾದ್ರೆ ಸರಿಯಾದ ದಾರಿ ಯಾವುದು? ಹೀಟರ್‌ಗೆ ಬರೋ ಹೋಸಿಗೆ ವಾಲ್ವ್‌ಗಿಂತ ಮೊದಲು, ಎಂಜಿನ್ ಕಡೆ ಟೀ ಹಾಕಿ. ಅಲ್ಲಿಂದ ಟರ್ಬೊದ ಕೆಳಗಿನ ಪೋರ್ಟ್‌ಗೆ. ಮೇಲಿನ ಪೋರ್ಟ್‌ನಿಂದ ಹೊರಟ ಹೋಸ್ ಏರುತ್ತಾ ಹೋಗಿ, ಹೀಟರಿಂದ ಎಂಜಿನ್‌ಗೆ ವಾಪಸ್ ಬರೋ ಹೋಸಿಗೆ, ಗೋಡೆಯ ಹತ್ತಿರದ ಎತ್ತರದಲ್ಲೇ ಸೇರಲಿ. ಆ ವಾಪಸ್ ಹೋಸ್ ವಾಟರ್ ಪಂಪ್ ಎಳೆಯುವ ಕಡೆಗೆ ಹೋಗುತ್ತೆ. ಒಂದು ಕಡೆ ಒತ್ತಡ, ಇನ್ನೊಂದು ಕಡೆ ಎಳೆತ, ನೀರು ಓಡಲೇಬೇಕು. ಈಗ ಹೀಟರೂ ಟರ್ಬೊವೂ ಪ್ಯಾರಲಲ್. ನಾಬ್ ಎಲ್ಲಿದ್ರೂ ಟರ್ಬೊಗೆ ಚಿಂತೆ ಇಲ್ಲ.

ಎರಡನೇ ಸ್ವಿಚ್ ಥರ್ಮೋಸ್ಟಾಟ್. ಬಿ ಸೀರೀಸ್‌ನಲ್ಲಿ ಅದು ರೇಡಿಯೇಟರಿಂದ ನೀರು ಎಂಜಿನ್‌ಗೆ ವಾಪಸ್ ಬರೋ ಜಾಗದಲ್ಲಿದೆ. ಟರ್ಬೊದ ವಾಪಸ್ ಲೈನನ್ನ ರೇಡಿಯೇಟರ್ ಹೋಸಿಗೆ ಕೊಟ್ಟರೆ, ಥರ್ಮೋಸ್ಟಾಟ್ ತೆರೆಯೋವರೆಗೂ ನೀರು ನಿಂತೇ ಇರುತ್ತೆ. ಅದಕ್ಕೇ ರೇಡಿಯೇಟರ್ ಬಿಟ್ಟು ಹೀಟರ್ ದಾರಿ ಹಿಡಿಯೋದು. ಕೆ20, ಕೆ24 ಹಾಕಿದವರಿಗೆ ಎಕ್ಸಾಸ್ಟ್ ಹಿಂದಕ್ಕೆ, ಗೋಡೆ ಕಡೆಗೆ ಬರುತ್ತೆ. ಬಿ ಸೀರೀಸ್‌ನಲ್ಲಿ ಮುಂದೆ, ರೇಡಿಯೇಟರ್ ಕಡೆ. ಹೋಸ್‌ನ ದಾರಿ ಬದಲಾಗುತ್ತೆ, ನಿಯಮ ಬದಲಾಗಲ್ಲ.

ಟರ್ಬೊ ಕೂರಿಸುವಾಗ ನಡುವಿನ ಹೌಸಿಂಗನ್ನ ಸುಮಾರು 20 ಡಿಗ್ರಿ ಓರೆ ಮಾಡಿದ್ರೆ ನೀರು ಹೊರಹೋಗೋ ಪೋರ್ಟ್ ಒಳಬರೋದಕ್ಕಿಂತ ಮೇಲೆ ಬರುತ್ತೆ. ಅದಕ್ಕಿಂತ ಜಾಸ್ತಿ ಆಸೆ ಬೇಡ, ಆಯಿಲ್ ಇಳಿಯೋ ಪೈಪ್ ಆದಷ್ಟು ನೇರ ಕೆಳಗೆ ಇರಬೇಕು.

ಸಾಮಾನಿನ ಬಗ್ಗೆ ಎರಡು ಮಾತು. ಗ್ಯಾರೆಟ್‌ನ ಜಿಟಿ28 ತರದ ಟರ್ಬೊದಲ್ಲಿ ನೀರಿನ ಪೋರ್ಟ್ 14 ಮಿಮೀ, 1.5 ಪಿಚ್. ಬ್ಯಾಂಜೊ ಬೋಲ್ಟ್‌ಗೆ ಎರಡೂ ಕಡೆ ತಾಮ್ರದ ವಾಷರ್, ಬಿಚ್ಚಿದಾಗೆಲ್ಲ ಹೊಸದು. ಪೆಟ್ರೋಲ್ ಹೋಸನ್ನ ನೀರಿಗೆ ಹಾಕಬೇಡಿ, ನೀರಿನ ರಬ್ಬರ್ ಹೋಸನ್ನ ಆಯಿಲ್‌ಗಂತೂ ಹಾಕಲೇಬೇಡಿ, ಉಬ್ಬಿ ಹೋಗುತ್ತೆ. ಟರ್ಬೊ ಪಕ್ಕ ಹೋಗೋ ಹೋಸಿಗೆ ಬಿಸಿ ತಡೆಯುವ ಸ್ಲೀವ್ ಹಾಕಿ. ಎಂಜಿನ್ ಮೌಂಟ್ ಮೇಲೆ ಅಲ್ಲಾಡುತ್ತೆ, ಹೋಸ್ ಬಿಗಿಯಾಗಿ ಎಳೆದಿರಬಾರದು.

"ಇಲ್ಲಿ ಹಿಮ ಬೀಳಲ್ಲ, ಕೂಲಂಟ್ ಯಾಕೆ? ನಲ್ಲಿ ನೀರು ಸಾಕು" ಅನ್ನೋರಿದ್ದಾರೆ. ಕೂಲಂಟ್ ಬರೀ ಹಿಮಕ್ಕಲ್ಲ. ತುಕ್ಕು ತಡೆಯುತ್ತೆ, ನೀರು ಕುದಿಯೋ ಬಿಸಿಯನ್ನೂ ಏರಿಸುತ್ತೆ. ರೇಡಿಯೇಟರ್ ಕ್ಯಾಪ್ ಮೇಲೆ 1.1 ಅಂತ ಇರುತ್ತಲ್ಲ, ಆ ಒತ್ತಡದಲ್ಲಿ ಬರೀ ನೀರೇ ಸುಮಾರು 120 ಡಿಗ್ರಿವರೆಗೆ ಕುದಿಯಲ್ಲ, ಅರ್ಧಕ್ಕರ್ಧ ಕೂಲಂಟ್ ಇದ್ದರೆ ಇನ್ನೂ ಮೇಲೆ. ಕ್ಯಾಪ್ ಹಳೆಯದಾಗಿ ಒತ್ತಡ ಹಿಡಿಯದಿದ್ರೆ ಈ ಲಾಭ ಹೋಯ್ತು. ಬಿಸಿ ಎಂಜಿನ್‌ನ ಕ್ಯಾಪ್ ಮಾತ್ರ ಯಾವತ್ತೂ ತೆಗೀಬೇಡಿ. ಒತ್ತಡ ಇಳಿದ ಕ್ಷಣಕ್ಕೆ ನೀರು ಹಬೆಯಾಗಿ ಮುಖಕ್ಕೇ ಹಾರುತ್ತೆ.

ಲೈನ್ ಹಾಕಿದ ಮೇಲೆ ಗಾಳಿ ತೆಗೀಬೇಕು. ತಣ್ಣಗಿರುವಾಗಲೇ ಕ್ಯಾಪ್ ತೆಗೆದು, ಗಾಡಿಯ ಮುಂಭಾಗ ಎತ್ತಿ, ಹೀಟರ್ ನಾಬ್ ಪೂರ್ತಿ ಬಿಸಿಗೆ ಇಟ್ಟು ಎಂಜಿನ್ ಶುರು ಮಾಡಿ. ಗುಳ್ಳೆ ನಿಂತು, ಫ್ಯಾನ್ ಎರಡು ಸಲ ಬಂದು ಹೋಗೋವರೆಗೂ ಸ್ವಲ್ಪ ದೂರ ನಿಂತು ತುಂಬಿಸ್ತಾ ಇರಿ. ಹೋಸ್‌ನಲ್ಲಿ ಗಾಳಿ ನಿಂತರೆ ಅದೂ ಒಂದು ಆಫ್ ಆದ ಸ್ವಿಚ್ಚೇ.

ಕೊನೆಗೆ ಟೆಸ್ಟ್. ಟೆಸ್ಟ್ ಮಾಡದ ಕೆಲಸ ಮುಗಿದ ಕೆಲಸ ಅಲ್ಲ ಅಂತ ಐಟಿಐನಲ್ಲಿ ನಮ್ಮ ಮೇಷ್ಟ್ರು ಹೇಳ್ತಿದ್ರು. ನಾಬ್ ತಂಪಿಗಿಟ್ಟು ಗಾಡಿ ಕಾಯಿಸಿ, ಒಳಬರೋ ಹೋಸ್ ಬಿಸಿ ಇದೆಯಾ ನೋಡಿ. ಆಮೇಲೆ ಆಫ್ ಮಾಡಿ, ಐದು ಹತ್ತು ನಿಮಿಷ ಬಿಟ್ಟು ಎರಡೂ ಹೋಸ್ ಅಳೆಯಿರಿ. ಹೊರಹೋಗೋದು ಹೆಚ್ಚು ಬಿಸಿ, ಒಳಬರೋದು ಕಡಿಮೆ ಇದ್ರೆ ಪಂಪ್ ಇಲ್ಲದೇನೂ ನೀರು ಓಡ್ತಾ ಇದೆ ಅಂತ ಲೆಕ್ಕ.

ಎರಡು ನಿಮಿಷ ಐಡಲ್ ಬಿಟ್ಟು ಆಫ್ ಮಾಡಿದ್ರೆ ಸಾಲದಾ ಅಂತ ಕೇಳ್ತೀರಿ. ಒಳ್ಳೇದೇ, ಮಾಡಿ. ಆದರೆ ಡ್ಯೂಟಿಗೆ ತಡ ಆದ ದಿನ, ಫೋನ್ ಬಂದ ದಿನ, ಗಾಡಿ ಇನ್ನೊಬ್ಬರ ಕೈಗೆ ಕೊಟ್ಟ ದಿನ ಅದು ಮರೆತೇ ಹೋಗುತ್ತೆ. ಸರಿಯಾಗಿ ಹಾಕಿದ ಪೈಪ್ ಮರೆಯಲ್ಲ.

ಇನ್ನೊಂದು ಮಾತು. ಎಂಜಿನ್ ಬದಲಿಸೋ ಮುಂಚೆ ಇಲ್ಲಿನ ಅನುಮತಿ ಕೇಳಿಕೊಳ್ಳಿ. ದಂಡ ಕಟ್ಟೋ ದುಡ್ಡೂ ಊರಿನ ದುಡ್ಡೇ. ಗ್ಯಾರೇಜಿಗೆ ಹೋದಾಗ ಎಷ್ಟು ಹಾರ್ಸ್‌ಪವರ್ ಅಂತ ಮಾತ್ರ ಕೇಳಿ ಬರಬೇಡಿ. "ನೀರು ಎಲ್ಲಿಂದ ತಗೊಂಡ್ರಿ, ಎಲ್ಲಿಗೆ ಬಿಟ್ರಿ, ನಡುವೆ ಏನಿದೆ?" ಈ ಮೂರು ಕೇಳಿ. ಉತ್ತರ ಬರದಿದ್ರೆ ಗಾಡಿ ಅಲ್ಲಿ ಬಿಡಬೇಡಿ.

ಆ ತಮ್ಮನ ಟೀಯನ್ನ ವಾಲ್ವ್‌ಗಿಂತ ಮುಂದಕ್ಕೆ ತಂದು, ಆಯಿಲ್ ಬದಲಿಸಿದ್ವಿ. ಖರ್ಚಾಗಿದ್ದು ಒಂದು ಟೀ, ನಾಲ್ಕು ಕ್ಲಿಪ್ಪು, ಸ್ವಲ್ಪ ಹೋಸು. ಅದೇ ಟರ್ಬೊ ಈಗ ಎರಡನೇ ಬೇಸಿಗೆ ದಾಟ್ತಾ ಇದೆ. ಯಾರಿಗಾದ್ರೂ ಸಂಶಯ ಇದ್ರೆ ರಜಾ ದಿನ ಗಾಡಿ ತಗೊಂಡು ಬನ್ನಿ, ಥರ್ಮಾಮೀಟರ್ ನನ್ನ ಹತ್ರ ಇದೆ.